ಹೇಮಾವತಿ ಹಿನ್ನೀರಿನಲ್ಲಿ ಗಾಳ: ಹೊಸಬರಿಗೆ ಬೇಸಿಗೆಯ ಮೊದಲ ಪಾಠ

ಹಾಸನ ಜಿಲ್ಲೆಗೆ ಕಡಲಿಲ್ಲ. ಮಂಗಳೂರು, ಉಡುಪಿ ಕಡೆಯ ಅಳಿವೆಗಳಲ್ಲಿ ಗಾಳ ಹಾಕುವವರು ಉಬ್ಬರ ಇಳಿತ ನೋಡಿಕೊಂಡು ಮನೆ ಬಿಡುತ್ತಾರೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದ ಮೇಲೆ ನಮಗೂ ಒಂದು ಇಳಿತ ಬಂದಿದೆ, ಆದರೆ ವರ್ಷಕ್ಕೊಂದೇ ಸಲ. ತುಂಬಿದಾಗ 2,922 ಅಡಿಯಲ್ಲಿ ನಿಲ್ಲುವ ನೀರು ಬೇಸಿಗೆಗೆ ಕಾಲಿಡುವಾಗ ದಡ ಬಿಟ್ಟು ಹಿಂದೆ ಸರಿಯುತ್ತದೆ. ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುವ ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಸುತ್ತ ಜನ ನಡೆದಾಡಲು ಶುರುಮಾಡುತ್ತಾರೆ. ಗಾಳ ಕಲಿಯುವುದಕ್ಕೆ ಇದೇ ತಕ್ಕ ಕಾಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಏಕೆಂದರೆ ಈಗ ನೆಲ ಕಾಣುತ್ತದೆ. ಮುಳುಗಿದ ಗದ್ದೆಗಳ ಬದು, ಮರದ ಬುಡ, ಹಳೆಯ ಹಳ್ಳದ ಜಾಡು ಎಲ್ಲವೂ ಬಯಲಾಗಿ ನೀರಿನ ಅಂಚಿನವರೆಗೆ ಬಂದು ಒಳಗಿಳಿದಿರುತ್ತವೆ. ಹಳ್ಳದ ಜಾಡು ಎಲ್ಲಿ ನೀರಿಗಿಳಿದಿದೆಯೋ ಅಲ್ಲಿ ಆಳವಿದೆ. ಮೀನು ಬೆಳಗ್ಗೆ ಆ ಆಳದಿಂದ ಮೇವಿಗೆಂದು ದಡದ ತೆಳುನೀರಿಗೆ ಬರುತ್ತದೆ, ಬಿಸಿಲೇರಿದಾಗ ಮತ್ತೆ ಆಳಕ್ಕಿಳಿಯುತ್ತದೆ. ನಿಮ್ಮ ಗಾಳ ಈ ಎರಡರ ನಡುವಿನ ಅಂಚಿನಲ್ಲಿರಬೇಕು. ಹಿನ್ನೀರು ಊರಕಡೆಗೆ ಚಾಚಿಕೊಂಡ ಮೂಲೆಗಳಲ್ಲಿ ಇಂಥ ಅಂಚುಗಳು ಬೇಕಾದಷ್ಟು ಸಿಗುತ್ತವೆ. ಗಾಳಿ ಯಾವ ದಡಕ್ಕೆ ಬೀಸುತ್ತಿದೆ ಎಂದೂ ನೋಡಿ. ತೇಲುವ ಸಣ್ಣಪುಟ್ಟ ಮೇವು ಆ ದಡಕ್ಕೆ ಬಂದು ಸೇರುತ್ತದೆ, ಅದರ ಹಿಂದೆ ಮೀನು. ಮೊದಲ ಸಲ ಹೋದಾಗ ಗಾಳವನ್ನೇ ಒಯ್ಯಬೇಡಿ, ಸುಮ್ಮನೆ ದಡದುದ್ದಕ್ಕೂ ನಡೆದು ಬನ್ನಿ. ಒಂದು ಎಚ್ಚರಿಕೆ: ಮೇಲೆ ಒಣಗಿ ಬಿರುಕುಬಿಟ್ಟ ಗೋಡಿನ ಕೆಳಗೆ ಮೊಣಕಾಲುದ್ದ ಕೆಸರಿರಬಹುದು. ಕೋಲಿನಿಂದ ಚುಚ್ಚಿ ನೋಡದೆ ಹೆಜ್ಜೆಯಿಡಬೇಡಿ.

ಮೊದಲ ಬೇಸಿಗೆಗೆ ರೀಲು ಬೇಡ. ನಿಮಗಿಂತ ಎರಡು ಪಟ್ಟು ಉದ್ದದ ಬಿದಿರು ಕಡ್ಡಿ, ಅಷ್ಟೇ ಉದ್ದದ ನೈಲಾನ್ ದಾರ, ಒಂದು ಬೆಂಡು, ಸೀಸದ ಸಣ್ಣ ಗುಂಡು, ಕೊಕ್ಕೆ ಇದ್ದರೆ ಸಾಕು. ಇವುಗಳಲ್ಲಿ ಬೆಂಡೇ ನಿಮ್ಮ ಮೇಷ್ಟ್ರು. ಅದನ್ನು ದಾರದ ಮೇಲೆ ಎಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ ಯಾವ ಮೀನು ಎಂಬುದು ನಿಂತಿದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ, ಅದು ಮೇಲ್ನೀರಿನ ಮೀನು. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳ ಕೆದಕಿ ತಿನ್ನುವವು. ಕೆಸರುನೀರಿನ ಜೊತೆ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ ಅಲ್ಲಿ ಗೆಂಡೆ ಮೇಯುತ್ತಿರಬಹುದು. ದಡದ ಹತ್ತಿರ ಹೊಸಬರ ಕೊಕ್ಕೆಗೆ ಮೊದಲು ಬೀಳುವುದು ಸಾಮಾನ್ಯವಾಗಿ ಜಿಲೇಬಿ ಮೀನು. ಅದಕ್ಕೆ ಎರೆಹುಳು ಸಾಕು. ಗೆಂಡೆಗಾದರೆ ರಾಗಿ ಹಿಟ್ಟು: ಮುದ್ದೆಗಿಂತ ಗಟ್ಟಿಯಾಗಿ ಬೇಯಿಸಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಿ, ನೆಲ್ಲಿಕಾಯಿ ಗಾತ್ರಕ್ಕಿಂತ ಚಿಕ್ಕ ಉಂಡೆ ಮಾಡಿ. ನಾದುವುದು ಸಾಲದಿದ್ದರೆ ಉಂಡೆ ನೀರಿಗೆ ಬಿದ್ದ ಕೂಡಲೇ ಕರಗಿಹೋಗುತ್ತದೆ.

ಬೆಂಡು ಟುಕ್ ಟುಕ್ ಎಂದು ಕುಣಿಯುತ್ತಿದ್ದರೆ ಕೈ ಎತ್ತಬೇಡಿ. ಮರಿಮೀನು ಹುಳುವಿನ ತುದಿ ಕೀಳುತ್ತಿದೆ ಅಷ್ಟೆ. ಗೆಂಡೆ ತಳದಿಂದ ಉಂಡೆ ಎತ್ತಿದರೆ ಬೆಂಡು ಒಮ್ಮೆ ಮೇಲೆದ್ದು ಅಡ್ಡ ಮಲಗುತ್ತದೆ, ಆಮೇಲೆ ಓರೆಯಾಗಿ ಸರಿದು ಮುಳುಗುತ್ತದೆ. ಮುಳುಗಿದಾಗ ಕಡ್ಡಿಯನ್ನು ಜಗ್ಗಬೇಡಿ, ಮಣಿಕಟ್ಟನ್ನು ಮಾತ್ರ ಮೇಲೆತ್ತಿ. ಈ ಒಂದು ಕ್ಷಣದ ತಾಳ್ಮೆ ಕೈಗೆ ಬರಲು ದಿನ ಹಿಡಿಯುತ್ತದೆ.

ಚನ್ನರಾಯಪಟ್ಟಣದ ಕಡೆ, ಹೇಮಾವತಿ ನಾಲೆಯ ನೀರು ಕಂಡ ಕೆರೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಪಾಚಿ, ಜೊಂಡು ಹೆಚ್ಚಿರುವ ಕೆರೆಯಲ್ಲಿ ಗಿಡಗಳೂ ರಾತ್ರಿಯಿಡೀ ಉಸಿರಾಡಿ ನೀರಿನ ಆಮ್ಲಜನಕ ಖರ್ಚು ಮಾಡುತ್ತವೆ. ಕಾದ ನೀರು ಆಮ್ಲಜನಕ ಹಿಡಿದಿಟ್ಟುಕೊಳ್ಳುವುದೂ ಕಡಿಮೆ. ಹಾಗಾಗಿ ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿರುತ್ತದೆಯೇ ಹೊರತು ಮೇವು ಮುಟ್ಟುವುದಿಲ್ಲ. ಅಲ್ಲಿ ಬಿಸಿಲು ಬಿದ್ದು ಒಂದು ಗಂಟೆಯಾದ ಮೇಲೆ ಕೂತುಕೊಳ್ಳಿ. ಹೊಳೆನರಸೀಪುರದ ಹೊಳೆಯಲ್ಲಿ ಬಂಡೆಗಳ ನಡುವಿನ ಮಡುಗಳು ಒಳ್ಳೆಯ ಜಾಗ. ಆದರೆ ಅದು ಅಣೆಕಟ್ಟೆಯ ಕೆಳಗಿನ ನದಿ, ನೀರು ಬಿಟ್ಟರೆ ಹೊಳೆ ಏರುತ್ತದೆ. ನಡುಬಂಡೆಗೆ ದಾಟಿ ಕೂರಬೇಡಿ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಗಾಳ ಒಯ್ಯಲೇಬೇಡಿ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳು ದೇವರ ಮೀನುಗಳು. ಭಕ್ತರು ಪುರಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಆದರೂ ಒಮ್ಮೆ ಹೋಗಿ ಮೆಟ್ಟಿಲ ಮೇಲೆ ಕೂತು ನೋಡಿ. ಭಯವಿಲ್ಲದ ದೊಡ್ಡ ಮೀನು ಹೇಗೆ ತಿರುಗುತ್ತದೆ, ಹೇಗೆ ಮೇವಿಗೆ ಬಾಯಿ ಹಾಕುತ್ತದೆ ಎಂದು ಇಷ್ಟು ಹತ್ತಿರದಿಂದ ಕಾಣುವ ಜಾಗ ಈ ಸೀಮೆಯಲ್ಲಿ ಅಪರೂಪ.

ಬೇರೆ ಕಡೆಯೂ ಕೇಳಿಯೇ ಕೂರಬೇಕು. ಕೆರೆಗಳ ಮೀನು ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಜಲಾಶಯದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದವರು ಬಲೆ ಬಿಡುತ್ತಾರೆ. ಮರಿ ಬಿತ್ತಿ ಕಾದವರ ಬದುಕು ಅದು. ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ದಡದ ಊರಿನವರನ್ನೂ ಮಾತಾಡಿಸಿ.

ಕೊರವ ಮೀನಿನ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಸುತ್ತುತ್ತಿದ್ದರೆ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆ ಕಡೆ ಗಾಳ ಬೀಸಬೇಡಿ. ರೋಹಿಣಿ ಮಳೆ ಕಳೆದು ಮೃಗಶಿರ ಹಿಡಿಯುವ ಹೊತ್ತಿಗೆ ಗಾಳ ಒಳಗಿಡಿ. ಹೊಸನೀರಿಗೆ ಹಳ್ಳ ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆಯಿರುತ್ತದೆ. ಊರವರೆಲ್ಲ ಬುಟ್ಟಿ ಹಿಡಿದು ಹೊರಟರೂ ನೀವು ಹೋಗಬೇಡಿ.