ನಕಲಿ ಖಾತೆಯೇ? ‘ರಿಪೋರ್ಟ್’ ಒತ್ತಿದರಷ್ಟೇ ಸಾಲದು

ಕಾಪು ದೀಪಸ್ತಂಭದೆದುರು ತೆಗೆಸಿಕೊಂಡ ನಿಮ್ಮದೇ ಫೋಟೊ, ನಿಮ್ಮದೇ ಹೆಸರು. ಇನ್‌ಸ್ಟಾಗ್ರಾಂ ಖಾತೆ ಮಾತ್ರ ನಿಮ್ಮದಲ್ಲ. ‘ಸ್ವಲ್ಪ ಅರ್ಜೆಂಟುಂಟು, 5,000 ಗೂಗಲ್ ಪೇ ಮಾಡಿ’ ಎಂದು ಅದರಿಂದ ಕಾರ್ಕಳದ ಚಿಕ್ಕಮ್ಮನಿಗೂ ಮಣಿಪಾಲದ ಹಾಸ್ಟೆಲ್ ಗೆಳತಿಗೂ ಮೆಸೇಜು ಹೋಗಿದೆ. ಹೆಚ್ಚಿನವರು ಆ್ಯಪ್‌ನಲ್ಲಿ ‘ರಿಪೋರ್ಟ್’ ಒತ್ತಿ, ‘ಅದು ನಾನಲ್ಲ’ ಎಂದು ಸ್ಟೇಟಸ್ ಹಾಕಿ ಸುಮ್ಮನಾಗುತ್ತಾರೆ. ಅಲ್ಲಿಗೆ ನಿಲ್ಲಬೇಡಿ.

ಯಾರಾದರೂ ಹಣ ಕಳಿಸಿಬಿಟ್ಟಿದ್ದರೆ ಈ ಲೇಖನ ಬದಿಗಿಟ್ಟು, ಕಳಿಸಿದವರಿಂದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಹಣ ಹೋಗಿಲ್ಲವೆಂದರೆ ಮೊದಲು ಸಾಕ್ಷ್ಯ. ಸ್ಕ್ರೀನ್‌ಶಾಟ್‌ನಲ್ಲಿ ಯೂಸರ್‌ನೇಮ್, ದಿನಾಂಕ, ಸಮಯ ಕಾಣಲಿ. ಪ್ರೊಫೈಲ್‌ನ ಲಿಂಕ್ ಕಾಪಿ ಮಾಡಿಡಿ. ಸಿಟ್ಟಿನ ಭರದಲ್ಲಿ ಚಾಟ್ ಅಳಿಸಬೇಡಿ.

ಇನ್ನು ಮುಖ್ಯ ಕೆಲಸ: ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು. 2021ರ ಫೆಬ್ರವರಿ 25ರ ಐಟಿ ನಿಯಮಗಳಂತೆ ಆ ಅಧಿಕಾರಿಯ ಹೆಸರು, ವಿವರಗಳನ್ನು ಪ್ರಕಟಿಸುವುದು ಕಡ್ಡಾಯ. 50 ಲಕ್ಷ ಮೀರಿ ಬಳಕೆದಾರರಿರುವ ವೇದಿಕೆಯಾದರೆ ಅವರು ಭಾರತದಲ್ಲೇ ಇರಬೇಕು. ದೂರಿನಲ್ಲಿ ‘ನಿಯಮ 3(2)(ಬಿ)’ ಎಂದು ಬರೆಯಿರಿ. ನಿಮ್ಮ ಹೆಸರಲ್ಲಿ ಸೋಗು, ತಿರುಚಿದ ಚಿತ್ರ, ನಗ್ನ ಚಿತ್ರ ಇವೆಲ್ಲ ಇದರೊಳಗೆ ಬರುತ್ತವೆ. ನಿಮ್ಮ ಪರವಾಗಿ ಮನೆಯವರೂ ದೂರು ಕೊಡಬಹುದು. ತೆಗೆದುಹಾಕಲು ಮೊದಲಿದ್ದ 24 ಗಂಟೆಯ ಗಡುವು 2026ರ ಫೆಬ್ರವರಿಯ ತಿದ್ದುಪಡಿಯಿಂದ 2 ಗಂಟೆಗೆ ಇಳಿದಿದೆ; ಹೆಚ್ಚುಕಮ್ಮಿ ಕಾರ್ಕಳದಿಂದ ಉಡುಪಿಗೆ ಬಸ್ಸಲ್ಲಿ ಹೋಗಿ ಬರುವಷ್ಟು ಹೊತ್ತು. ಕಂಪನಿಗಳು ಇದಕ್ಕೆ ಅಂಜುವುದೇಕೆ? ಬಳಕೆದಾರರು ಹಾಕಿದ್ದಕ್ಕೆ ತಾವು ಹೊಣೆಯಲ್ಲ ಎನ್ನಲು ಅವರಿಗಿರುವ ಆಸರೆ ಐಟಿ ಕಾಯ್ದೆಯ 79ನೇ ಸೆಕ್ಷನ್. ನಿಯಮ ಮುರಿದರೆ ಆ ಆಸರೆ ತಪ್ಪುತ್ತದೆ.

ದೂರಿನ ಸಂಖ್ಯೆ ಜೋಪಾನ. ಕಂಪನಿಯ ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರ ಸರಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರ ಮಾರ್ಚ್‌ನಿಂದ ಇಂಥ ಮೂರು ಸಮಿತಿಗಳಿವೆ. ಅರ್ಜಿ, ವಿಚಾರಣೆ ಎಲ್ಲವೂ ಆನ್‌ಲೈನ್, ದಿಲ್ಲಿಗೆ ಹೋಗಬೇಕಿಲ್ಲ. ದುರದೃಷ್ಟವೆಂದರೆ, ಈ ದಾರಿ ಉಂಟೆಂಬುದೇ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ.

ಕಂಪನಿ ಖಾತೆಯನ್ನು ತೆಗೆದೀತು; ಖಾತೆ ತೆರೆದವರನ್ನು ಹಿಡಿಯುವುದು ಪೊಲೀಸರ ಕೆಲಸ. ಐಟಿ ಕಾಯ್ದೆಯಂತೆ ಇತರರ ಗುರುತು ಕದಿಯುವುದು (66ಸಿ), ಸೋಗು ಹಾಕಿ ವಂಚಿಸುವುದು (66ಡಿ) ಎರಡಕ್ಕೂ 3 ವರ್ಷದವರೆಗೆ ಸಜೆಯಿದೆ. ಸೈಬರ್, ಆರ್ಥಿಕ, ಮಾದಕವಸ್ತು ಪ್ರಕರಣಗಳಿಗೆಂದು ಉಡುಪಿಯಲ್ಲಿ ‘ಸೆನ್’ ಠಾಣೆಯಿದೆ. ಹಾಗೆಂದು ಅಲ್ಲಿಗೇ ಹೋಗಬೇಕೆಂದಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಕಾಪು, ಕಾರ್ಕಳ, ಮಣಿಪಾಲದ ಯಾವ ಠಾಣೆಯಲ್ಲೂ ಮಾಹಿತಿ ದಾಖಲಿಸಬಹುದು ಎನ್ನುತ್ತದೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್. ಹೋಗುವಾಗ ಪ್ರಿಂಟ್‌ಔಟ್ ಜತೆ ಮೆಸೇಜು ಬಂದ ಫೋನನ್ನೂ ಒಯ್ಯಿರಿ.