ಮಳೆಯ ನೀರು ಎಲ್ಲಿಂದ ಬರುತ್ತದೆ?

ಆದಿತ್ಯವಾರದ ಶಾಲೆಯ ಉಪದೇಶಿಗಳಿಗಾಗಿ ಪಾಠ. ಓದತಕ್ಕ ಭಾಗಗಳು: ಯೋಬ 36:27-28, ಪ್ರಸಂಗಿ 1:7.

ಮಳೆ ತಡವಾದ ವರುಷಗಳಲ್ಲಿ ನಮ್ಮ ಸಭೆಗಳ ಮಕ್ಕಳು ಒಂದು ಮಾತನ್ನು ಕೇಳುವದುಂಟು. ಅದೇನಂದರೆ, ಊರದೇವರನ್ನು ಬಿಟ್ಟವರ ದೆಸೆಯಿಂದಲೇ ಮಳೆ ನಿಂತುಹೋಯಿತೆಂಬದು. ಈ ಮಾತಿಗೆ ಹೆದರಿ ಮನೆಗೆ ಬರುವ ಮಗುವಿಗೆ ಅದು ಸುಳ್ಳೆಂದು ಹೇಳಿದರೆ ಮಾತ್ರ ಸಾಲದು. ನೆರೆಯವರನ್ನೂ ಅವರ ಗುರ್ಜಿಯನ್ನೂ ಹಾಸ್ಯಮಾಡ ಕಲಿಸುವದು ಇನ್ನೂ ಕೆಟ್ಟದ್ದು. ಬಾಯಾರಿಕೆ ಅವರಿಗೂ ನಮಗೂ ಒಂದೇ. ಮಳೆಯನ್ನು ಕೊಡುವ ದೇವರು ಅದನ್ನು ಯಾವ ಕ್ರಮದಿಂದ ಕೊಡುತ್ತಾನೆಂಬದನ್ನು ಮಗುವು ತನ್ನ ಕಣ್ಣಿನಿಂದಲೇ ನೋಡಬೇಕೆಂದು ನಾವು ಎಣಿಸುತ್ತೇವೆ. "ಆವಿ, ಮೋಡ, ಮಳೆ" ಎಂದು ಗಿಣಿಯಂತೆ ಒಪ್ಪಿಸುವದರಿಂದ ಪ್ರಯೋಜನವಿಲ್ಲ.

ಒಂದು ಪಾತ್ರೆಯಲ್ಲಿ ಕಾಲು ಭಾಗದಷ್ಟು ನೀರು ಹಾಕಿ, ಅದಕ್ಕೆ ಉಪ್ಪು ಕರಗಿಸಿ, ಮಕ್ಕಳಿಗೆ ಒಂದೊಂದು ತೊಟ್ಟು ರುಚಿ ತೋರಿಸಿರಿ. ತರುವಾಯ ಅದನ್ನು ಒಲೆಯ ಮೇಲೆ ಮೆಲ್ಲಗೆ ಕುದಿಸಿ, ತಣ್ಣೀರು ತುಂಬಿದ ತಟ್ಟೆಯನ್ನು ಅದರ ಮೇಲಿಡಿರಿ. ಒಲೆಯ ಕೆಲಸವೆಲ್ಲಾ ಉಪದೇಶಿಯದೇ. ಮಕ್ಕಳು ದೂರ ನಿಲ್ಲಲಿ. ಸ್ವಲ್ಪ ಹೊತ್ತಿನಲ್ಲಿ ತಟ್ಟೆಯ ಅಡಿಯಲ್ಲಿ ಹನಿಗಳು ಕೂಡುವವು. ಅವು ಆರಿದ ಮೇಲೆ ಮಕ್ಕಳು ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪಿಲ್ಲ! ಉಪ್ಪು ಸಮುದ್ರದಿಂದ ಸಿಹಿನೀರು ಹೇಗೆ ಬರುವದೆಂದು ಇನ್ನು ವಿವರಿಸಬೇಕಾಗಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಒಂದು ತೊಡಕುಂಟು. ಸಮುದ್ರವು ಕುದಿಯುತ್ತದೋ ಎಂದು ಮಕ್ಕಳು ಕೇಳುವರು. ಕೇಳದವರು ಹಾಗೆಂದೇ ನಂಬುವರು. ಆದಕಾರಣ ಅಗಲವಾದ ತಟ್ಟೆಯಲ್ಲಿಯೂ ಬಾಯಿ ಕಿರಿದಾದ ಸೀಸೆಯಲ್ಲಿಯೂ ಒಂದೊಂದು ಲೋಟ ನೀರು ಹಾಕಿ, ಎರಡನ್ನೂ ಬಿಸಿಲಿನಲ್ಲಿಟ್ಟು, ಸಂಜೆಗೆ ತಿರಿಗಿ ಅಳೆಯಿರಿ. ಬೆಂಕಿಯಿಲ್ಲದೆಯೂ ನೀರು ಏರಿಹೋಗುವದೂ ಅಗಲವಾದ ತಟ್ಟೆಯಿಂದ ಹೆಚ್ಚಾಗಿ ಹೋಗುವದೂ ಕಾಣುವದು. ಅರಬ್ಬೀ ಸಮುದ್ರದ ಅಗಲವೆಷ್ಟೆಂದು ಆಗ ನೆನಪುಮಾಡಿರಿ. ಬೇವಿನ ಎಳೆಯ ರೆಂಬೆಯನ್ನು ಗಾಜಿನ ಸೀಸೆಯೊಳಗೆ ತೂರಿಸಿ ಬಾಯಿಗೆ ಬಟ್ಟೆ ಕಟ್ಟಿದರೆ, ಗಿಡಗಳೂ ನೀರನ್ನು ಮೇಲಕ್ಕೆ ಕಳುಹಿಸುವದು ತಿಳಿಯುವದು.

ಜೂನ್ ತಿಂಗಳಲ್ಲಿ ಸಮುದ್ರದ ಗಾಳಿಯು ಘಟ್ಟವನ್ನು ಹತ್ತುತ್ತಾ ತಣ್ಣಗಾಗಿ, ತನ್ನ ಹೊರೆಯನ್ನು ಹೆಚ್ಚಾಗಿ ಅಲ್ಲಿಯೇ ಇಳಿಸುತ್ತದೆ. ಆದದರಿಂದ ಮಂಗಳೂರಿಗೆ ವರುಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ಘಟ್ಟದಾಚೆಯ ಗದಗಕ್ಕೆ 700ಕ್ಕೂ ಕಡಿಮೆ. ಗದಗದವರು ಮಂಗಳೂರಿನವರಿಗಿಂತ ಹೆಚ್ಚು ಪಾಪಿಷ್ಠರೋ ಎಂದು ಮಕ್ಕಳನ್ನೇ ಕೇಳಿರಿ. ಉತ್ತರವನ್ನು ಅವರೇ ಹೇಳಲಿ.

ಬಾವಿಯ ಒರತೆಯೂ ಮಳೆಯದೇ. ಸಮುದ್ರದ ನೀರೇ ನೆಲದೊಳಗಿನ ದಾರಿಗಳಿಂದ ಒರತೆಗಳಿಗೆ ಬರುತ್ತದೆಂದು ಅನೇಕ ಪಂಡಿತರು ಬಹುಕಾಲ ಎಣಿಸಿದ್ದರು. ಹಾಗಲ್ಲ, ಮಳೆಯೇ ಅವುಗಳ ಮೂಲವೆಂದು ಫ್ರಾನ್ಸ್ ದೇಶದ ಬೆರ್ನಾರ್ ಪಲಿಸ್ಸಿ ಎಂಬ ಕುಂಬಾರನು 1580ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದನು. ಲತೀನ್ ಭಾಷೆ ಬಾರದ ಈತನು ನೆಲವನ್ನೂ ಮಣ್ಣನ್ನೂ ನೋಡಿ ಕಲಿತವನು. ಪ್ರೊಟೆಸ್ಟಂಟ್ ವಿಶ್ವಾಸವನ್ನು ಬಿಡದ್ದರಿಂದ ಸೆರೆಹಿಡಿಯಲ್ಪಟ್ಟು, ಪ್ಯಾರಿಸಿನ ಬಾಸ್ತೀಲ್ ಸೆರೆಮನೆಯಲ್ಲಿಯೇ ತೀರಿಹೋದನು.

ಇದನ್ನು ಹೇಳಿದ ಮೇಲೆ ಮಕ್ಕಳನ್ನು ಕಟ್ಟೆಯುಳ್ಳ ಬಾವಿಗೆ ಕರಕೊಂಡು ಹೋಗಿ, ಕಲ್ಲು ಕಟ್ಟಿದ ಹಗ್ಗವನ್ನು ನೀರು ಮುಟ್ಟುವ ತನಕ ಇಳಿಬಿಟ್ಟು, ಕಟ್ಟೆಯ ಮಟ್ಟಕ್ಕೆ ಒಂದು ಗಂಟು ಹಾಕಿರಿ. ಪ್ರತಿ ತಿಂಗಳ ಮೊದಲನೆಯ ಆದಿತ್ಯವಾರ ಹೀಗೆಯೇ ಒಂದು ಗಂಟು. ಮುಂಗಾರು ಹಿಡಿದ ಎಷ್ಟನೆಯ ತಿಂಗಳಲ್ಲಿ ನೀರು ಏರಿತೆಂಬದನ್ನು ಮಕ್ಕಳೇ ಹೇಳುವರು. ಆ ಹಗ್ಗವನ್ನು ನೀರು ಸೇದುವದಕ್ಕೆ ಯಾರೂ ಒಯ್ಯದಂತೆ ಶಾಲೆಯ ಗೂಟಕ್ಕೆ ತೂಗಹಾಕಿರಿ.