ಬ್ರಹ್ಮಕಮಲವೆಂಬ ಕಳ್ಳಿ: ಗುರುತಿಸುವ ಮತ್ತು ಬೆಳೆಸುವ ಬಗೆ

ರಾತ್ರಿಯಲ್ಲಿ ಅರಳಿ, ಬೆಳಗಾಗುವುದರೊಳಗೆ ಬಾಡುವ, ಅಂಗೈಗಿಂತಲೂ ಅಗಲವಾದ ಬಿಳಿಯ ಹೂವೊಂದನ್ನು ನಮ್ಮ ನಾಡಿನಲ್ಲಿ ಬಹುಮಂದಿ ‘ಬ್ರಹ್ಮಕಮಲ’ವೆಂದು ಕರೆಯುತ್ತಾರೆ. ಹೂವರಳುವ ರಾತ್ರಿ ನೆರೆಹೊರೆಯವರನ್ನು ಕರೆದು ದೀಪ ಹಚ್ಚಿ ಪೂಜಿಸುವ ಮನೆಗಳೂ ಉಂಟು. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಂತಹ ಬಯಲುಸೀಮೆಯ ಊರೊಂದಕ್ಕೆ, ನೆಂಟರ ಮನೆಯಿಂದ ಇದರ ಒಂದು ‘ಎಲೆ’ ಬಂದಿತೆನ್ನೋಣ. ಅದರೊಡನೆ ಹೆಸರು ಬರುತ್ತದೆಯೇ ಹೊರತು ಆರೈಕೆಯ ಕ್ರಮ ಬರುವುದಿಲ್ಲ. ಕಮಲವೆಂದು ನಂಬಿ ಬುಡದಲ್ಲಿ ಸದಾ ನೀರು ನಿಲ್ಲಿಸಿದವನ ಗಿಡ ಕೊಳೆಯುತ್ತದೆ. ಹಿಮಾಲಯದ ಸಸ್ಯವೆಂದು ತಿಳಿದವನು, ನಮ್ಮ ಸೆಕೆಗೆ ಇದು ಬದುಕದೆಂದು ಕೈಬಿಡುತ್ತಾನೆ. ಕಳ್ಳಿಯೆಂದಷ್ಟೇ ಬಲ್ಲವನು ಸುಡುಬಿಸಿಲಿನಲ್ಲಿಟ್ಟು ಅದನ್ನು ಬಾಡಿಸುತ್ತಾನೆ. ಆದ್ದರಿಂದ ಗಿಡವನ್ನು ನೆಡುವ ಮೊದಲು ಅದು ಯಾವುದೆಂಬುದನ್ನು ನಿರ್ಧರಿಸಬೇಕು.

ಒಂದೇ ಹೆಸರಿನ ಎರಡು ಸಸ್ಯಗಳು

ನಿಜವಾದ ಬ್ರಹ್ಮಕಮಲವು ಹಿಮಾಲಯದಲ್ಲಿ ಸುಮಾರು 3,000 ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ ಬೆಳೆಯುವ ಸಣ್ಣ ಗಿಡ. ಅದರ ಶಾಸ್ತ್ರೀಯ ನಾಮ ಸಾಸ್ಯೂರಿಯ ಆಬ್ವಲ್ಲಾಟ. ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದುದು, ಉತ್ತರಾಖಂಡದ ರಾಜ್ಯಪುಷ್ಪ. ಕಾಗದದಂತೆ ತೆಳುವಾದ, ಹಳದಿ ಬೆರೆತ ಹಸುರು ಹೊದಿಕೆಯ ಎಲೆಗಳ ನಡುವೆ ನೇರಳೆ ಬಣ್ಣದ ಹೂಗೊಂಚಲು ಅಡಗಿರುತ್ತದೆ.

ನಮ್ಮ ಅಂಗಳದ ಗಿಡವಾದರೋ ಎಪಿಫಿಲ್ಲಮ್ ಆಕ್ಸಿಪೆಟಲಮ್ ಎಂಬ ಕಳ್ಳಿ. ಇದರ ತವರು ಮೆಕ್ಸಿಕೋದಿಂದ ಮಧ್ಯ ಅಮೆರಿಕದವರೆಗಿನ ಕಾಡುಗಳು. ಕೇರಳದಲ್ಲಿ ಇದನ್ನು ‘ನಿಶಾಗಂಧಿ’ ಎನ್ನುತ್ತಾರೆ; ಗುಣಕ್ಕೆ ಒಪ್ಪುವ ಹೆಸರು. ಇವೆರಡನ್ನೂ ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವನು ಒಬ್ಬನೇ, ಸ್ವಿಟ್ಸರ್ಲೆಂಡಿನ ಸಸ್ಯವಿಜ್ಞಾನಿ ಡಿ ಕಾಂಡೋಲ್ ಎಂಬುದು ಸ್ವಾರಸ್ಯದ ಸಂಗತಿ. 1828ರಲ್ಲಿ ಆತ ನಮ್ಮ ಈ ಗಿಡವನ್ನು ಕಳ್ಳಿಗಳ ಸಾಲಿನಲ್ಲಿಯೇ ಇರಿಸಿದನು. ಅವನು ಎರಡು ಬೇರೆ ಬೇರೆ ಕುಟುಂಬಗಳಲ್ಲಿಟ್ಟ ಸಸ್ಯಗಳು ನಮ್ಮಲ್ಲಿ ಒಂದೇ ಹೆಸರನ್ನು ಹೊತ್ತಿವೆ.

ಗುರುತಿಸುವ ಬಗೆ

ಹೂವಿಲ್ಲದಾಗಲೂ ಈ ಗಿಡವನ್ನು ಗುರುತಿಸಬಹುದು. ಎಲೆಯಂತೆ ಕಾಣುವ ಅದರ ಚಪ್ಪಟೆ ಭಾಗದ ಅಂಚನ್ನು ಗಮನಿಸಿರಿ. ಅಲ್ಲಿ ಅಲೆಯಂತಹ ಕಚ್ಚುಗಳಿರುತ್ತವೆ. ಹೊಸ ಚಿಗುರಾಗಲಿ ಮೊಗ್ಗಾಗಲಿ ಮೂಡುವುದು ಆ ಕಚ್ಚುಗಳಿಂದಲೇ. ಹೀಗೆ ಗಿಣ್ಣುಗಳಿಂದ ಕವಲನ್ನೂ ಹೂವನ್ನೂ ಬಿಡುವುದು ಕಾಂಡದ ಲಕ್ಷಣ. ಆದುದರಿಂದ ನಾವು ಎಲೆಯೆಂದುಕೊಂಡದ್ದು ವಾಸ್ತವವಾಗಿ ಚಪ್ಪಟೆಯಾದ ಕಾಂಡ. ಬುಡದ ಕಡೆ ಅದೇ ಕಾಂಡವು ದುಂಡಾಗಿ, ಗಟ್ಟಿಯಾಗಿರುವುದನ್ನು ಕಾಣಬಹುದು. ಪಾಪಾಸುಕಳ್ಳಿಯ ಹಸ್ತಗಳೂ ಇಂತಹವೇ, ಆದರೆ ಅಲ್ಲಿ ಮುಳ್ಳುಗಳಿವೆ. ಬಲಿತ ನಿಶಾಗಂಧಿಯಲ್ಲಿ ಮುಳ್ಳಿಲ್ಲ. ಈಚೆಗೆ ನಮ್ಮ ರೈತರು ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣಿನ ಬಳ್ಳಿಯೂ ರಾತ್ರಿಯಲ್ಲಿ ಬಹುಮಟ್ಟಿಗೆ ಇಂತಹದೇ ಹೂವನ್ನು ಬಿಡುತ್ತದೆ. ಅದರ ಕಾಂಡಕ್ಕೆ ಮೂರು ಏಣುಗಳೂ ಸಣ್ಣ ಮುಳ್ಳುಗಳೂ ಇರುವುದರಿಂದ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ.

ರಾತ್ರಿಯ ಉಸಿರಾಟ

ಕಳ್ಳಿಗಳು ಹಗಲಿನಲ್ಲಿ ತಮ್ಮ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯಲ್ಲಿ ತೆರೆಯುತ್ತವೆ. ಇದರಿಂದಾಗುವ ಲಾಭವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಘನಮೀಟರ್ ಗಾಳಿಯಲ್ಲಿ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 40 ಗ್ರಾಂ ನೀರಾವಿ ಇರಬಲ್ಲುದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಗಾಳಿಯಲ್ಲಿ ಈಗಾಗಲೇ 12 ಗ್ರಾಂ ಆವಿ ಇದೆಯೆಂದು ಭಾವಿಸಿದರೆ, ನಡುಹಗಲಿನಲ್ಲಿ ಇನ್ನೂ 28 ಗ್ರಾಂಗೆ ಎಡೆಯಿರುತ್ತದೆ, ರಾತ್ರಿಯಲ್ಲಿ 5 ಗ್ರಾಂಗೆ ಮಾತ್ರ. ಈ ಎಡೆ ಹೆಚ್ಚಿದಷ್ಟೂ ಗಿಡದಿಂದ ನೀರು ಬೇಗ ಆವಿಯಾಗುತ್ತದೆ. ರಾತ್ರಿ ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಗಿಡವು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಆಹಾರ ತಯಾರಿಕೆಗೆ ಬಳಸಿಕೊಳ್ಳುತ್ತದೆ.

ಈ ಕ್ರಿಯೆಯ ಮೊದಲ ಸುಳಿವುಗಳಲ್ಲೊಂದು ನಮ್ಮ ದೇಶದಲ್ಲಿಯೇ ದೊರೆಯಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ಅಗಿದರೆ ಹುಳಿಯಾಗಿಯೂ ನಡುಹಗಲಿಗೆ ಸಪ್ಪೆಯಾಗಿಯೂ ಇರುವುದನ್ನು ಕಂಡನು. ಅವನ ಈ ವಿವರಣೆ 1815ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೂವು ರಾತ್ರಿ ಅರಳುವುದಕ್ಕೆ ಕಾರಣ ಬೇರೆ. ತವರಿನಲ್ಲಿ ಇದರ ಪರಾಗವನ್ನು ಒಯ್ಯುವವು ಉದ್ದ ಸೊಂಡಿಲಿನ ನಿಶಾಪತಂಗಗಳು. ಕತ್ತಲೆಯಲ್ಲಿ ಅವನ್ನು ಕರೆಯಲು ಬಿಳುಪೂ ಪರಿಮಳವೂ ಬೇಕು.

ಬೆಳೆಸುವ ಕ್ರಮ

ಇದು ಮರುಭೂಮಿಯ ಕಳ್ಳಿಯಲ್ಲ. ಮಲೆನಾಡಿನ ಸೀತಾಳೆಯಂತೆ ಮರದ ಕವಲುಗಳಲ್ಲಿ, ಕೊಳೆತ ಎಲೆಗಳ ನಡುವೆ ಬೇರೂರುವ ಸಸ್ಯ. ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಆರೈಕೆಯ ನಿಯಮಗಳೆಲ್ಲವೂ ಇದರಿಂದಲೇ ಹೊರಡುತ್ತವೆ.

ಬಲಿತ ಕಾಂಡದಿಂದ ಒಂದು ಗೇಣಿನಷ್ಟು ತುಂಡನ್ನು ಕತ್ತರಿಸಿ, ಗಾಯ ಒಣಗುವಂತೆ ಸುಮಾರು ಒಂದು ವಾರ ನೆರಳಿನಲ್ಲಿಡಬೇಕು. ಹಸಿಯಾಗಿ ನೆಟ್ಟರೆ ಕೊಳೆಯುವ ಭಯವುಂಟು. ಕೆಮ್ಮಣ್ಣು, ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು, ಎಲೆಗೊಬ್ಬರ ಇವನ್ನು ಸಮಪಾಲಾಗಿ ಬೆರೆಸಿ, ತಳದಲ್ಲಿ ತೂತಿರುವ ಚಿಕ್ಕ ಕುಂಡದಲ್ಲಿ ತುಂಬಿ, ಬುಡದ ತುದಿಯನ್ನು ಎರಡು ಬೆರಳಿನಷ್ಟು ಆಳಕ್ಕೆ ನೆಡಬೇಕು. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಜಗಲಿಯಾಗಲಿ, ಹೊಂಗೆಯ ಮರದ ಚದರಿದ ನೆರಳಾಗಲಿ ಉತ್ತಮ. ಬಯಲುಸೀಮೆಯ ಬೇಸಿಗೆಯಲ್ಲಿ ನಡುಹಗಲಿನ ಬಿಸಿಲು ಬಿದ್ದರೆ ಕಾಂಡ ಹಳದಿಯಾಗುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರೆರೆಯಬೇಕು. ಕೊಳವೆಬಾವಿಯ ಗಡಸು ನೀರಿಗಿಂತ ಮಳೆಯ ನೀರು ಲೇಸು. ಮಣ್ಣು ತೇವವಾಗಿದ್ದೂ ಕಾಂಡ ಸುಕ್ಕಾದರೆ ಬೇರು ಕೊಳೆತಿದೆಯೆಂದು ತಿಳಿದು, ಒಳ್ಳೆಯ ಭಾಗವನ್ನು ಕತ್ತರಿಸಿ ಮತ್ತೆ ನೆಡಬೇಕು.

ಹೂವಿಗಾಗಿ ಎರಡು ಮೂರು ವರ್ಷ ಕಾಯಬೇಕಾದೀತು. ಮೊಗ್ಗು ಕಚ್ಚಿನಿಂದ ಹೊರಟು, ಕೆಳಗೆ ಬಾಗಿ, ಅರಳುವ ದಿನಗಳು ಸಮೀಪಿಸಿದಂತೆ ಕೊಕ್ಕೆಯಂತೆ ಮೇಲಕ್ಕೆ ತಿರುಗುತ್ತದೆ. ಆಗ ಕುಂಡದ ಸ್ಥಳವನ್ನು ಬದಲಿಸಬಾರದು.

ಹೆಸರು ತಿದ್ದಿದ ಮಾತ್ರಕ್ಕೆ ಪೂಜೆಗೆ ಅಡ್ಡಿಯೇನೂ ಇಲ್ಲ. ಆದರೆ ಹಿಮಾಲಯದ ಗಿಡವನ್ನು ಪೂಜೆಗೂ ಔಷಧಕ್ಕೂ ಮಿತಿಮೀರಿ ಕಿತ್ತು ಅದರ ಸಂಖ್ಯೆ ಕುಗ್ಗಿದೆ. ನಮ್ಮ ಗಿಡವನ್ನೋ ಒಂದು ತುಂಡಿನಿಂದ ಹತ್ತು ಮನೆಗೆ ಹಂಚಬಹುದು. ಹಾಗೆ ಹಂಚುವವರು ಆರೈಕೆಯ ಕ್ರಮವನ್ನೂ ಜೊತೆಗೆ ತಿಳಿಸಲಿ. ಮೊಗ್ಗು ಮೂಡಿದ ದಿನ, ಅರಳಿದ ಗಂಟೆ, ಆ ರಾತ್ರಿಯ ಉಷ್ಣತೆ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ನಾಲ್ಕಾರು ವರ್ಷಗಳಲ್ಲಿ ತಮ್ಮ ಊರಿನಲ್ಲಿ ಈ ಹೂವು ಯಾವಾಗ ಬರುವುದೆಂಬುದನ್ನು ಓದುಗರು ತಾವೇ ಹೇಳಬಲ್ಲವರಾಗುತ್ತಾರೆ.